ಮುಂಬಯಿಯ ಪ್ರಥಮ ಮೆಟ್ರಿಕ್ಯುಲೇಶನ್ ವರ್ಗವೂ ಕನ್ನಡ ನಾಡೂ

ಶಾಲೆಯ ಕೊನೆಯ ವರ್ಗವನ್ನು ಮುಗಿಸಿ ಹೊರಬೀಳುವ ವಿದ್ಯಾರ್ಥಿಗಳ ಹೆಸರುಗಳು ಸಾಮಾನ್ಯವಾಗಿ ಆ ಶಾಲೆಯ ದಾಖಲೆಯ ಪುಸ್ತಕದಲ್ಲಿಯೇ ಉಳಿದುಹೋಗುತ್ತವೆ. ಕೆಲವರು ನೌಕರಿ ಹಿಡಿಯುತ್ತಾರೆ, ಕೆಲವರು ಮುಂದಿನ ಓದಿಗೆ ಹೋಗುತ್ತಾರೆ, ಉಳಿದವರು ಊರು ಸೇರುತ್ತಾರೆ. ಒಂದು ವರ್ಗದ ಚರಿತ್ರೆ ಒಂದು ಪ್ರಾಂತದ ಚರಿತ್ರೆಯೊಡನೆ ಹೆಣೆದುಕೊಳ್ಳುವುದು ಅಪೂರ್ವ. ಮುಂಬಯಿ ವಿಶ್ವವಿದ್ಯಾನಿಲಯವು 1859ರಲ್ಲಿ ನಡೆಸಿದ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿವರ್ಗವು ಅಂಥ ಅಪೂರ್ವವಾದ ಒಂದು ವರ್ಗ. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಳ ಭಾಂಡಾರಕರ, ಬಾಳ ಮಂಗೇಶ ವಾಗಳೆ, ವಾಮನ ಆಬಾಜಿ ಮೋಡಕ ಇವರೆಲ್ಲ ಆ ವರ್ಗಕ್ಕೆ ಸೇರಿದವರು.

ಈ ವರ್ಗದ ವೃತ್ತಾಂತವು ಮಹಾರಾಷ್ಟ್ರದ ನವೋದಯದ ಭಾಗವೆಂದು ಪರಿಗಣಿತವಾಗಿದೆ. ಅದು ಯುಕ್ತವೂ ಆಗಿದೆ. ಆದರೆ ಕನ್ನಡಿಗರಿಗೂ ಇದರಲ್ಲಿ ಪಾಲುಂಟು. ಧಾರವಾಡ, ಬೆಳಗಾವಿ, ಕಲಾದಗಿ ಪ್ರದೇಶಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಅದೇ ಪ್ರಾಂತವನ್ನು ಸೇರಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವ ತನಕ, ಅಂದರೆ ತೊಂಬತ್ತು ವರ್ಷಗಳ ಕಾಲ, ಈ ಭಾಗದ ಕನ್ನಡ ಹುಡುಗನು ಪದವಿಗಾಗಿ ಏನು ಓದಬೇಕು, ಯಾವ ಭಾಷೆಯಲ್ಲಿ ಓದಬೇಕು ಎಂಬುದನ್ನು ಮುಂಬಯಿಯ ವಿಶ್ವವಿದ್ಯಾನಿಲಯವೇ ನಿರ್ಣಯಿಸುತ್ತಿತ್ತು. ಆ ನಿರ್ಣಯಗಳ ಹಿಂದೆ 1859ರ ವರ್ಗದವರ ಧ್ವನಿಯು ಹಲವು ಸಲ ಕೇಳಿಬರುತ್ತದೆ. ಆದುದರಿಂದ ಈ ವರ್ಗವು ಹೇಗೆ ರೂಪುಗೊಂಡಿತು, ಏನನ್ನು ಸಾಧಿಸಿತು, ಏನನ್ನು ಸಾಧಿಸಲಾರದೆ ಹೋಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಶಾಲೆ

ಮೇಲೆ ಹೇಳಿದ ನಾಲ್ವರೂ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು. ಈ ಸಂಸ್ಥೆಯ ಮೂಲವು ಒಂದು ಬೀಳ್ಕೊಡುಗೆಯ ಸಭೆಯಲ್ಲಿದೆ. ಮುಂಬಯಿಯ ಗವರ್ನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು 1827ರಲ್ಲಿ ಅಧಿಕಾರವನ್ನು ಬಿಟ್ಟು ಹೊರಟಾಗ ನಗರದ ಪ್ರಮುಖರು ಅವನ ಸ್ಮರಣಾರ್ಥ ನಿಧಿಯೊಂದನ್ನು ಕೂಡಿಸಿದರು. ಆ ನಿಧಿಯು ಎರಡು ಲಕ್ಷ ರೂಪಾಯಿಗಳನ್ನು ಮೀರಿತು. ಪ್ರತಿಮೆಯ ಬದಲು ಪ್ರಾಧ್ಯಾಪಕರ ಪೀಠಗಳನ್ನು ಸ್ಥಾಪಿಸಬೇಕೆಂದು ದಾನಿಗಳು ಬಯಸಿದರು. ಇಂಗ್ಲಿಷ್ ಭಾಷೆಯನ್ನೂ ಯೂರೋಪಿನ ವಿಜ್ಞಾನ ಕಲೆಗಳನ್ನೂ ಈ ಪೀಠಗಳ ಮೂಲಕ ಕಲಿಸುವುದು ಉದ್ದೇಶವಾಗಿತ್ತು. 1830ರ ದಶಕದ ಮಧ್ಯದಲ್ಲಿ ಪಾಠಗಳು ಆರಂಭವಾದುವು. 1840ರಲ್ಲಿ ಕಾಲೇಜು ಮತ್ತು ಶಾಲೆಗಳು ಒಂದುಗೂಡಿದುವು. 1856ರಲ್ಲಿ ಅವು ಮತ್ತೆ ಬೇರೆಬೇರೆಯಾದುವು. ಹೀಗೆ ಹೈಸ್ಕೂಲು ಎಂಬ ಪ್ರತ್ಯೇಕವಾದ ಘಟಕವು ಮುಂಬಯಿಯಲ್ಲಿ ಸ್ಪಷ್ಟರೂಪವನ್ನು ತಾಳಿದ್ದು ಈ ವರ್ಗದ ವಿದ್ಯಾರ್ಥಿಗಳು ಓದುತ್ತಿದ್ದ ವರ್ಷಗಳಲ್ಲಿಯೇ.

ಆ ಸಂಸ್ಥೆಯ ಅಧ್ಯಾಪಕರಲ್ಲಿ ಆಂಗ್ಲರಷ್ಟೇ ಇರಲಿಲ್ಲ. ಮರಾಠಿ ಪತ್ರಿಕೋದ್ಯಮದ ಆದ್ಯನಾದ ಬಾಳಶಾಸ್ತ್ರೀ ಜಾಂಭೇಕರರು 1846ರಲ್ಲಿ ತೀರಿಕೊಳ್ಳುವ ತನಕ ಅಲ್ಲಿ ಕಲಿಸಿದ್ದರು. ದಾದಾಭಾಯಿ ನವರೋಜಿಯವರು 1855ರಲ್ಲಿ ಇಂಗ್ಲೆಂಡಿಗೆ ತೆರಳುವ ಮೊದಲು ಗಣಿತವನ್ನೂ ಭೌತವಿಜ್ಞಾನವನ್ನೂ ಬೋಧಿಸಿದ್ದರು. ಸ್ವದೇಶೀಯನೊಬ್ಬನು ಪ್ರಾಧ್ಯಾಪಕನ ಪೀಠದಲ್ಲಿ ಕುಳಿತು ಪಾಠ ಹೇಳಬಲ್ಲನೆಂಬುದು ಹೀಗೆ ಇಲ್ಲಿಯ ಹುಡುಗರ ಕಣ್ಣಿಗೆ ಕಂಡ ಸಂಗತಿಯಾಗಿತ್ತು. ಬೇರೆ ಊರುಗಳ ಹುಡುಗರಿಗೆ ಅದು ಕೇಳಿದ ಸುದ್ದಿಯೂ ಆಗಿರಲಿಲ್ಲ.

ಪರೀಕ್ಷೆ

1854ರ ವುಡ್‌ನ ಶಿಕ್ಷಣಪತ್ರದ ಫಲವಾಗಿ ಕಲಕತ್ತ, ಮುಂಬಯಿ, ಮದ್ರಾಸುಗಳಲ್ಲಿ 1857ರಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಮುಂಬಯಿಯದು ಜುಲೈ 18ರಂದು ಹುಟ್ಟಿತು. ಉತ್ತರ ಹಿಂದುಸ್ಥಾನವು ಆಗ ದಂಗೆಯ ಉರಿಯಲ್ಲಿತ್ತು. ಮರುವರ್ಷ, 1858ರಲ್ಲಿ, ಕನ್ನಡ ನಾಡಿನ ನರಗುಂದದ ಬಾಬಾಸಾಹೇಬನು ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅದರ ಮರುವರ್ಷ ಮುಂಬಯಿಯಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಯಿತು. ಖಡ್ಗದಿಂದ ಸಾಧಿಸಲಾಗದ್ದನ್ನು ಲೇಖನಿಯಿಂದ ಸಾಧಿಸಲು ಹೊರಟ ಪೀಳಿಗೆಯೊಂದು ಪರೀಕ್ಷೆಯ ಮೇಜಿನ ಮುಂದೆ ಕುಳಿತದ್ದು ಈ ಸಂದರ್ಭದಲ್ಲಿ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಕಲಕತ್ತದಲ್ಲಿ ಪ್ರವೇಶಪರೀಕ್ಷೆಯು 1857ರಲ್ಲಿಯೇ ನಡೆದು, 1858ರಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಬಿ.ಎ. ಪದವಿಯನ್ನು ಪಡೆದಿದ್ದರು. ಮುಂಬಯಿಯವರು ಅವಸರಪಡಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯನ್ನು ಅನುಸರಿಸಿ ನಿಯಮಗಳನ್ನು ರಚಿಸಿ, ಎರಡು ವರ್ಷಗಳ ನಂತರ ಪರೀಕ್ಷೆಯನ್ನು ಇಟ್ಟರು. ಇಂಗ್ಲಿಷ್, ಅದರೊಡನೆ ಇನ್ನೊಂದು ಭಾಷೆ, ಗಣಿತ, ಇತಿಹಾಸ, ಭೂಗೋಳ ಮೊದಲಾದವು ವಿಷಯಗಳು. ಪರೀಕ್ಷೆಯು ಬಿಗಿಯಾಗಿತ್ತು. ನೂರಕ್ಕೂ ಹೆಚ್ಚು ಮಂದಿ ಕುಳಿತಿದ್ದರೂ ತೇರ್ಗಡೆಯಾದವರು ಇಪ್ಪತ್ತರ ಆಚೀಚೆ ಮಾತ್ರ. ವಿಶ್ವವಿದ್ಯಾನಿಲಯಕ್ಕೆ ಆಗ ಸ್ವಂತ ಕಟ್ಟಡವಿರಲಿಲ್ಲ. ಅದರ ಕಾರ್ಯಗಳು ಟೌನ್ ಹಾಲಿನಲ್ಲಿ ನಡೆಯುತ್ತಿದ್ದುವು. ಇಂದು ವಿಶ್ವವಿದ್ಯಾನಿಲಯದ ಗುರುತಾಗಿರುವ ರಾಜಾಬಾಯಿ ಗೋಪುರವು ಪೂರ್ಣವಾದದ್ದು 1878ರಲ್ಲಿ.

ಮೆಟ್ರಿಕ್ಯುಲೇಶನ್ ಎಂಬುದು ಹೆಸರಿಗೆ ವಿಶ್ವವಿದ್ಯಾನಿಲಯದ ಪ್ರವೇಶದ್ವಾರ. ಆದರೆ ಕಾಲಕ್ರಮದಲ್ಲಿ ಅದು ಹೈಸ್ಕೂಲಿನ ನಿರ್ಗಮನದ್ವಾರವೂ ಆಯಿತು. ಸರ್ಕಾರಿ ನೌಕರಿಗೆ ಅದೇ ಪ್ರಮಾಣಪತ್ರವಾಯಿತು. ಹೈಸ್ಕೂಲಿನ ಕೆಳಗಿನ ವರ್ಗಗಳ ಪಾಠಕ್ರಮವೆಲ್ಲ ಕೊನೆಯ ವರ್ಗದ ಪರೀಕ್ಷೆಯ ಕಡೆಗೆ ಮುಖಮಾಡಿ ನಿಂತಿತು. ಧಾರವಾಡದ ಇಂಗ್ಲಿಷ್ ಶಾಲೆಯು 1848ರಲ್ಲಿ ಆರಂಭವಾದುದಾದರೂ, ಅಲ್ಲಿಯ ಪಾಠದ ಗುರಿಯನ್ನು 1859ರಿಂದ ಮುಂದೆ ನಿಶ್ಚಯಿಸಿದ್ದು ಮುಂಬಯಿಯ ಪ್ರಶ್ನೆಪತ್ರಿಕೆಯೇ. ಮೈಸೂರಿನ ವಿದ್ಯಾರ್ಥಿಗಳು ಅದೇ ರೀತಿಯಲ್ಲಿ ಮದ್ರಾಸಿನ ಕಡೆಗೆ ನೋಡುತ್ತಿದ್ದರು; 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವ ತನಕ ಅವರ ಸ್ಥಿತಿಯೂ ಇದೇ. ಒಂದೇ ಭಾಷೆಯನ್ನಾಡುವ ಮಕ್ಕಳು ಎರಡು ಪರನಗರಗಳ ಪರೀಕ್ಷಕರಿಗೆ ಉತ್ತರ ಬರೆಯುತ್ತಿದ್ದರು.

ವಿದ್ಯಾರ್ಥಿಗಳು

ಮೊದಲ ವರ್ಗವಾದುದರಿಂದ ಅದರಲ್ಲಿ ವಯಸ್ಸಿನ ಸಮತೆ ಇರಲಿಲ್ಲ. ವಿಶ್ವವಿದ್ಯಾನಿಲಯವು ಹುಟ್ಟುವ ಮೊದಲೇ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದುತ್ತಿದ್ದವರೂ ಹೊಸದಾಗಿ ಬಂದವರೂ ಒಟ್ಟಿಗೆ ಕುಳಿತರು. 1837ರಲ್ಲಿ ಮಾಲವಣದಲ್ಲಿ ಹುಟ್ಟಿದ ಭಾಂಡಾರಕರರಿಗೆ ಆಗ ಇಪ್ಪತ್ತೆರಡು ವರ್ಷ; 1842ರಲ್ಲಿ ನಾಶಿಕ ಜಿಲ್ಲೆಯ ನಿಫಾಡದಲ್ಲಿ ಹುಟ್ಟಿದ ರಾನಡೆಯವರಿಗೆ ಹದಿನೇಳು. ಭಾಂಡಾರಕರರು ರತ್ನಾಗಿರಿಯ ಶಾಲೆಯನ್ನು ಮುಗಿಸಿ ಮುಂಬಯಿಗೆ ಬಂದವರು. ರಾನಡೆಯವರು ಬಾಲ್ಯವನ್ನು ಕೊಲ್ಹಾಪುರದಲ್ಲಿ ಕಳೆದು, ಅಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿ, 1856ರಲ್ಲಿ ಮುಂಬಯಿಯನ್ನು ಸೇರಿದರು. ಘಟ್ಟವನ್ನು ಹತ್ತುವ ರೈಲು ಆಗ ಇರಲಿಲ್ಲ. ಬೋರ್ ಘಟ್ಟದ ಮಾರ್ಗವು ತೆರೆದದ್ದು 1863ರಲ್ಲಿ. ಮಗನನ್ನು ಅಷ್ಟು ದೂರ ಕಳುಹುವುದು ತಂದೆತಾಯಿಗಳಿಗೆ ಸಣ್ಣ ನಿರ್ಧಾರವಾಗಿರಲಿಲ್ಲ. ಇನ್ನು ಧಾರವಾಡದಿಂದ ಬರಬೇಕಾದವನ ಪಾಡನ್ನು ಊಹಿಸಬಹುದು. ರೈಲು ಆ ಊರನ್ನು ಮುಟ್ಟಿದ್ದು 1880ರ ದಶಕದಲ್ಲಿ.

ಇವರ ಓದಿಗೆ ಆಧಾರವಾದ ಒಂದು ಏರ್ಪಾಡು ವಿಚಾರಾರ್ಹವಾಗಿದೆ. ಪೇಶ್ವೆಗಳ ಕಾಲದಲ್ಲಿ ಶ್ರಾವಣಮಾಸದಲ್ಲಿ ವಿದ್ವಾಂಸರಾದ ಬ್ರಾಹ್ಮಣರಿಗೆ ದಕ್ಷಿಣೆಯನ್ನು ಹಂಚುವ ಪದ್ಧತಿ ಇತ್ತು. ಆ ಹಣವನ್ನು ಕಂಪನಿ ಸರ್ಕಾರವು ಕ್ರಮೇಣ ಶಿಕ್ಷಣದ ಕಡೆಗೆ ತಿರುಗಿಸಿ, ಅದರ ಒಂದು ಭಾಗದಿಂದ ‘ದಕ್ಷಿಣಾ ಫೆಲೋ’ ಎಂಬ ಶಿಷ್ಯವೃತ್ತಿಗಳನ್ನು ಏರ್ಪಡಿಸಿತು. ರಾನಡೆಯವರೂ ಭಾಂಡಾರಕರರೂ ಈ ವೃತ್ತಿಯನ್ನು ಪಡೆದವರು. ಹಳೆಯ ಅರಸೊತ್ತಿಗೆಯು ಶಾಸ್ತ್ರಪಾಂಡಿತ್ಯಕ್ಕಾಗಿ ಕೊಡುತ್ತಿದ್ದ ಹಣದಲ್ಲಿಯೇ ಹೊಸ ವಿದ್ಯೆಯ ಮೊದಲ ಫಲವು ಬೆಳೆಯಿತು. ಭಾಂಡಾರಕರರು ಸಂಸ್ಕೃತದ ಕಡೆಗೆ ತಿರುಗಿದ್ದೂ ಈ ಅವಧಿಯಲ್ಲಿಯೇ. ಲೋಕವಿಖ್ಯಾತ ಸಂಸ್ಕೃತಜ್ಞನಾಗಬೇಕಾದವನು ಕಾಲೇಜಿನ ಪಾಠಗಳೆಲ್ಲ ಮುಗಿಯುತ್ತ ಬಂದ ಮೇಲೆ, ವಿದ್ಯಾ ಇಲಾಖೆಯ ನಿರ್ದೇಶಕನಾದ ಹೋವರ್ಡನ ಸೂಚನೆಯಂತೆ, ಆ ಭಾಷೆಯ ಆಳವಾದ ಅಭ್ಯಾಸವನ್ನು ಆರಂಭಿಸಿದನು.

ರಾನಡೆಯವರ ವಿದ್ಯಾರ್ಥಿದೆಸೆಯ ಒಂದು ಪ್ರಸಂಗವು ಪ್ರಸಿದ್ಧವಾಗಿದೆ. ಮರಾಠರ ಆಳಿಕೆಯನ್ನೂ ಆಂಗ್ಲರ ಆಳಿಕೆಯನ್ನೂ ತೂಗಿ ನೋಡಿ, ಮೊದಲಿನದರ ಪರವಾಗಿ ಅವರು ಒಂದು ಪ್ರಬಂಧವನ್ನು ಬರೆದರು. ಪ್ರಿನ್ಸಿಪಾಲರಾದ ಸರ್ ಅಲೆಕ್ಸಾಂಡರ್ ಗ್ರಾಂಟರು ಅದನ್ನು ಮೆಚ್ಚಲಿಲ್ಲ; ಅವರ ಶಿಷ್ಯವೃತ್ತಿಯು ಆರು ತಿಂಗಳು ನಿಂತಿತು. ಆದರೆ ಗ್ರಾಂಟರು ಶಿಷ್ಯನ ಬುದ್ಧಿಶಕ್ತಿಯನ್ನು ಅಲ್ಲಗಳೆದವರಲ್ಲ. ಶಿಷ್ಯನೂ ಗುರುವಿನ ಮೇಲಣ ಗೌರವವನ್ನು ಬಿಟ್ಟವನಲ್ಲ. ಮುಂದೆ ನಾಲ್ಕು ದಶಕಗಳ ನಂತರ, 1900ರಲ್ಲಿ, ರಾನಡೆಯವರು ಪ್ರಕಟಿಸಿದ ‘ಮರಾಠಾ ಶಕ್ತಿಯ ಉದಯ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಆ ಹದಿಹರೆಯದ ಪ್ರಬಂಧದ ಬೀಜವನ್ನು ಕಾಣಬಹುದು.

ವರ್ಗದ ಹೊರಗಿನ ಕಾರ್ಯ

ಎಲ್ಫಿನ್‌ಸ್ಟನ್ ವಿದ್ಯಾರ್ಥಿಗಳ ಚಟುವಟಿಕೆಯು ಪಾಠದ ಕೋಣೆಯಲ್ಲಿ ಮುಗಿಯುತ್ತಿರಲಿಲ್ಲ. 1848ರಲ್ಲಿ ಅಲ್ಲಿ ‘ವಿದ್ಯಾರ್ಥಿಗಳ ಸಾಹಿತ್ಯ ಮತ್ತು ವಿಜ್ಞಾನ ಸಂಘ’ವು ಆರಂಭವಾಗಿತ್ತು. ಪ್ರಬಂಧಗಳನ್ನು ಓದಿ ಚರ್ಚಿಸುವುದು ಅದರ ಮೊದಲ ಕೆಲಸ. ದೇಶಭಾಷೆಯಲ್ಲಿ ಜ್ಞಾನವನ್ನು ಹರಡುವುದಕ್ಕಾಗಿ ಜ್ಞಾನಪ್ರಸಾರಕ ಸಭೆಗಳೆಂಬ ಮರಾಠಿ ಮತ್ತು ಗುಜರಾತಿ ಶಾಖೆಗಳನ್ನೂ ಅದು ತೆರೆಯಿತು. 1849ರಲ್ಲಿ ಸಂಘದ ಯುವಕರು ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ಆರಂಭಿಸಿ, ಬಿಡುವಿನ ವೇಳೆಯಲ್ಲಿ ತಾವೇ ಹೋಗಿ ಕಲಿಸಿದರು. ವಿದ್ಯಾರ್ಥಿಯಾಗಿದ್ದುಕೊಂಡೇ ಶಿಕ್ಷಕನಾಗುವ ಈ ಪರಿಪಾಠವು 1859ರ ವರ್ಗಕ್ಕೆ ಪಿತ್ರಾರ್ಜಿತವಾಗಿ ಬಂದ ಆಸ್ತಿ.

ಮರಾಠಿ, ಗುಜರಾತಿ ಶಾಖೆಗಳ ಪಕ್ಕದಲ್ಲಿ ಕನ್ನಡದ ಶಾಖೆಯೊಂದು ಏಳಲಿಲ್ಲ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಮುಂಬಯಿಯ ಕಾಲೇಜಿನಲ್ಲಿ ಕನ್ನಡ ವಿದ್ಯಾರ್ಥಿಗಳ ಬಲವೇ ಇರಲಿಲ್ಲ. ಅತ್ತ ಧಾರವಾಡದ ಕಡೆಯ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಮರಾಠಿಯು ಆಕ್ರಮಿಸಿದ್ದ ಕಾಲವದು. ಪುಣೆಯಲ್ಲಿ ಓದಿ ಬಂದ ಡೆಪ್ಯುಟಿ ಚನ್ನಬಸಪ್ಪನವರು ವಿದ್ಯಾ ಇಲಾಖೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ಶ್ರಮಿಸಿದರು. ಮುಂಬಯಿಯಲ್ಲಿ ವಿದ್ಯಾರ್ಥಿಸಂಘವು ಮರಾಠಿಗಾಗಿ ಮಾಡಿದ್ದನ್ನು ಧಾರವಾಡದಲ್ಲಿ ಒಬ್ಬ ಅಧಿಕಾರಿಯು ಕನ್ನಡಕ್ಕಾಗಿ ಮಾಡಬೇಕಾಯಿತು. ಅಂಥ ಕೆಲಸವನ್ನು ಸಂಘಟಿತವಾಗಿ ಹೊರುವ ಸಂಸ್ಥೆಯು, ಕರ್ನಾಟಕ ವಿದ್ಯಾವರ್ಧಕ ಸಂಘವು, ರಾ. ಹ. ದೇಶಪಾಂಡೆಯವರ ಪ್ರಯತ್ನದಿಂದ ಹುಟ್ಟಿದ್ದು 1890ರಲ್ಲಿ. ಅವರೂ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರರೇ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಸಾಧನೆ

1862ರಲ್ಲಿ ಬಿ.ಎ. ಪರೀಕ್ಷೆಯ ಫಲಿತಾಂಶವು ಬಂದಾಗ ರಾನಡೆ, ಭಾಂಡಾರಕರ, ವಾಗಳೆ, ಮೋಡಕ ಈ ನಾಲ್ವರು ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಪದವೀಧರರಾದರು. ನಾಲ್ವರೂ ಒಂದೊಂದು ದಾರಿಯನ್ನು ಹಿಡಿದರು.

ವಾಗಳೆಯವರು ಕಾನೂನನ್ನು ಓದಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲರಾದರು. ಮೋಡಕರು ಶಿಕ್ಷಕವೃತ್ತಿಯನ್ನು ಆರಿಸಿಕೊಂಡು, ಮುಂದೆ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಪ್ರಿನ್ಸಿಪಾಲರಾದರು. ತಾನು ಕಲಿತ ಸಂಸ್ಥೆಯ ಹೊಣೆಯನ್ನು ಹೊರುವ ಭಾಗ್ಯವು ಆ ವರ್ಗದಲ್ಲಿ ಅವರದಾಯಿತು. ಭಾಂಡಾರಕರರು ಸಿಂಧದ ಹೈದರಾಬಾದಿನಲ್ಲಿಯೂ ರತ್ನಾಗಿರಿಯಲ್ಲಿಯೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದು, ಅನಂತರ ಎಲ್ಫಿನ್‌ಸ್ಟನ್ ಮತ್ತು ಡೆಕ್ಕನ್ ಕಾಲೇಜುಗಳಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಹೈಸ್ಕೂಲಿನ ಹುಡುಗರಿಗಾಗಿ ಅವರು ಬರೆದ ಎರಡು ಸಂಸ್ಕೃತ ಪಾಠಪುಸ್ತಕಗಳು ಮುಂದಿನ ಹಲವು ಪೀಳಿಗೆಗಳ ಕೈಯಲ್ಲಿದ್ದುವು. ಕರ್ನಾಟಕದ ಶಾಲೆಗಳಲ್ಲಿಯೂ ಅವುಗಳಿಂದ ಸಂಸ್ಕೃತವನ್ನು ಕಲಿತವರು ಅನೇಕರು. 1885ರಲ್ಲಿ ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1893ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಮೊದಲ ಪರೀಕ್ಷೆಗೆ ಕುಳಿತವರಲ್ಲಿ ಒಬ್ಬನು ಮೂವತ್ತನಾಲ್ಕು ವರ್ಷಗಳಲ್ಲಿ ಆ ಸಂಸ್ಥೆಯ ಉನ್ನತಪೀಠವನ್ನು ಏರಿದ್ದನು.

ರಾನಡೆಯವರು ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಪಡೆದು, ಕೆಲವು ಕಾಲ ಅಕ್ಕಲಕೋಟೆಯ ಸಂಸ್ಥಾನದಲ್ಲಿ ಕಾರಭಾರಿಯಾಗಿಯೂ ಕೊಲ್ಹಾಪುರದಲ್ಲಿ ನ್ಯಾಯಾಧೀಶರಾಗಿಯೂ ಇದ್ದರು. ಅಕ್ಕಲಕೋಟೆಯು ಕನ್ನಡ ಮತ್ತು ಮರಾಠಿಗಳು ಒಂದೇ ಅಂಗಡಿಬೀದಿಯಲ್ಲಿ ಕೇಳಿಬರುವ ಊರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೂ ಅವರು ಕಲಿಸಿದರು. ಅನಂತರ ನ್ಯಾಯಾಂಗವನ್ನು ಸೇರಿ 1893ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಸಾಮಾಜಿಕ ಪರಿಷತ್ತು, ಸಾರ್ವಜನಿಕ ಸಭೆ, ಭಾರತೀಯ ಅರ್ಥಶಾಸ್ತ್ರದ ಚಿಂತನೆ, ಇವೆಲ್ಲವುಗಳಲ್ಲಿ ಅವರ ಹೆಸರಿದೆ. ಗೋಪಾಲ ಕೃಷ್ಣ ಗೋಖಲೆಯವರು ಅವರನ್ನು ಗುರುವೆಂದು ಭಾವಿಸಿದ್ದರು.

ದಾರಿಗಳು ಬೇರೆಯಾದರೂ ಸಹಪಾಠಿಗಳ ಸಂಬಂಧವು ಕಡಿಯಲಿಲ್ಲ. 1867ರಲ್ಲಿ ಆತ್ಮಾರಾಮ ಪಾಂಡುರಂಗರ ನೇತೃತ್ವದಲ್ಲಿ ಸ್ಥಾಪಿತವಾದ ಪ್ರಾರ್ಥನಾ ಸಮಾಜದಲ್ಲಿ ನಾಲ್ವರೂ ಸೇರಿದರು. ವಿಧವಾವಿವಾಹದ ಪ್ರಚಾರಕ್ಕಾಗಿ 1862ರಲ್ಲಿ ಆರಂಭವಾದ ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ಭಾಗವನ್ನು ರಾನಡೆಯವರು ನೋಡಿಕೊಂಡರು. ಆದರೆ ನುಡಿದಂತೆ ನಡೆಯುವುದು ಸುಲಭವಾಗಿರಲಿಲ್ಲ. ಮೊದಲ ಪತ್ನಿಯು 1873ರಲ್ಲಿ ತೀರಿಕೊಂಡಾಗ, ರಾನಡೆಯವರು ವಿಧವೆಯನ್ನು ಮದುವೆಯಾಗದೆ, ತಂದೆಯ ಒತ್ತಾಯಕ್ಕೆ ಮಣಿದು ಹನ್ನೊಂದು ವರ್ಷದ ಬಾಲಿಕೆಯನ್ನು ವರಿಸಿದರು. ಆ ಟೀಕೆಯು ಜೀವನದ ಕೊನೆಯವರೆಗೆ ಅವರನ್ನು ಬಿಡಲಿಲ್ಲ. ಆ ಬಾಲಿಕೆಯೇ ಪತಿಯ ಬಳಿ ಓದು ಕಲಿತು, ಮುಂದೆ ಸ್ತ್ರೀಯರ ಸೇವೆಯಲ್ಲಿ ಹೆಸರಾದ ರಮಾಬಾಯಿ ರಾನಡೆ. ಭಾಂಡಾರಕರರು 1891ರಲ್ಲಿ ವಿಧವೆಯಾದ ತಮ್ಮ ಮಗಳಿಗೆ ಪುನರ್ವಿವಾಹವನ್ನು ಮಾಡಿಸಿ, ಜಾತಿಬಾಂಧವರ ಕೋಪವನ್ನು ಎದುರಿಸಿದರು. ಒಂದೇ ವರ್ಗದ ಇಬ್ಬರು, ಒಂದೇ ತತ್ತ್ವದ ಎದುರು, ಹೀಗೆ ಎರಡು ಬಗೆಯಾಗಿ ನಡೆದರು.

ಭಾಂಡಾರಕರರೂ ಕರ್ನಾಟಕದ ಇತಿಹಾಸವೂ

ಕನ್ನಡಿಗರಿಗೆ ಈ ವರ್ಗದ ನೇರವಾದ ಕೊಡುಗೆಯೆಂದರೆ 1884ರಲ್ಲಿ ಭಾಂಡಾರಕರರು ಮುಂಬಯಿ ಗ್ಯಾಸೆಟಿಯರಿಗಾಗಿ ಬರೆದ ‘ದಖ್ಖನಿನ ಪ್ರಾಚೀನ ಇತಿಹಾಸ’. ಶಾತವಾಹನರಿಂದ ಮೊದಲಾಗಿ ಬಾದಾಮಿಯ ಚಾಲುಕ್ಯರು, ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು ಇವರ ವಂಶಾವಳಿಯನ್ನೂ ಕಾಲವನ್ನೂ ಶಾಸನಗಳ ಮತ್ತು ಗ್ರಂಥಗಳ ಆಧಾರದಿಂದ ಅವರು ನಿರೂಪಿಸಿದರು. ಅದಕ್ಕೆ ಎರಡು ವರ್ಷಗಳ ಮೊದಲು, 1882ರಲ್ಲಿ, ಜೆ. ಎಫ್. ಫ್ಲೀಟನು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದನು. 1896ರ ಗ್ಯಾಸೆಟಿಯರಿನ ಸಂಪುಟದಲ್ಲಿ ಈ ಎರಡೂ ಕೃತಿಗಳು ಒಂದೇ ಹೊದಿಕೆಯೊಳಗೆ ಬಂದುವು. ಪುಲಕೇಶಿ, ಅಮೋಘವರ್ಷ, ವಿಕ್ರಮಾದಿತ್ಯರ ಹೆಸರುಗಳು ಕಾಲನಿರ್ದೇಶನದೊಡನೆ ವಿದ್ಯಾವಂತರ ಕೈಗೆ ದೊರೆತದ್ದು ಹೀಗೆ.

ಭಾಂಡಾರಕರರು ‘ದಖ್ಖನು’ ಎಂಬ ಶಬ್ದವನ್ನು ಮುಖ್ಯವಾಗಿ ಮಹಾರಾಷ್ಟ್ರಕ್ಕೆ ಅನ್ವಯಿಸಿದರು. ಅದರಿಂದ ಚಾಲುಕ್ಯ ರಾಷ್ಟ್ರಕೂಟರ ಕಥೆಯು ಮರಾಠಿ ನಾಡಿನ ಪೂರ್ವಕಥೆಯೆಂಬಂತೆ ತೋರಿತು. ಆ ಅರಸರ ಶಾಸನಗಳಲ್ಲಿ ಕನ್ನಡವು ತುಂಬಿದೆ, ಅವರ ಆಸ್ಥಾನದಲ್ಲಿ ಕನ್ನಡ ಕಾವ್ಯವು ಬೆಳೆದಿದೆ ಎಂಬುದು ಮುಂದಿನ ವಿದ್ವಾಂಸರ ವಾದವಾಯಿತು. ಆ ವಾದಕ್ಕೆ ಬೇಕಾದ ಪ್ರಬಲ ಸಾಕ್ಷಿಯನ್ನು ಒದಗಿಸಿದವರು ಪುಣೆಯ ವಿದ್ವದ್ವಲಯಕ್ಕೇ ಸೇರಿದ ಕೆ. ಬಿ. ಪಾಠಕರು, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಅವರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಹೊರತಂದಾಗ, ಇಂಥ ಸಂಶೋಧನೆಗಳು ಹದಗೊಳಿಸಿದ ನೆಲವು ಸಿದ್ಧವಾಗಿತ್ತು. ಭಾಂಡಾರಕರರ ನಿರ್ಣಯವನ್ನು ಒಪ್ಪದವರೂ ಅವರ ವಿಧಾನವನ್ನು ಒಪ್ಪಿದರು: ಐತಿಹ್ಯವನ್ನು ಶಾಸನದ ಒರೆಗೆ ಹಚ್ಚಬೇಕು, ಆಧಾರವಿಲ್ಲದ ಹೆಮ್ಮೆಯನ್ನು ಇತಿಹಾಸವೆನ್ನಬಾರದು. ಆಕರವನ್ನು ಕೇಳುವ ಈ ಶಿಸ್ತೇ ಅವರಿಂದ ಕನ್ನಡ ಸಂಶೋಧನೆಗೆ ಬಂದ ನಿಜವಾದ ಲಾಭ.

ದೇಶಭಾಷೆಗಳ ಪ್ರಶ್ನೆ

ವಿಶ್ವವಿದ್ಯಾನಿಲಯದ ಮೊದಲ ನಿಯಮಗಳಲ್ಲಿ ಪ್ರಾಂತದ ದೇಶಭಾಷೆಗಳಿಗೆ ಸ್ಥಾನವಿತ್ತು. 1860ರ ದಶಕದಲ್ಲಿ ಈ ನೀತಿಯು ಬದಲಾಯಿತು. ಸಂಸ್ಕೃತ, ಲ್ಯಾಟಿನ್, ಅರಬ್ಬಿ, ಪಾರಸಿಗಳಂಥ ಪ್ರೌಢಭಾಷೆಗಳೇ ಪದವಿಗೆ ಯೋಗ್ಯವೆಂಬ ಅಭಿಪ್ರಾಯವು ಬಲಗೊಂಡು, ಮರಾಠಿ, ಗುಜರಾತಿ, ಕನ್ನಡಗಳು ಪದವಿಯ ಪರೀಕ್ಷೆಗಳಿಂದ ಹೊರಬಿದ್ದುವು. ದೇಶಭಾಷೆಗಳಲ್ಲಿ ಓದಿಸತಕ್ಕ ಸಾಹಿತ್ಯವಿಲ್ಲವೆಂಬುದು ಇದಕ್ಕೆ ಕೊಟ್ಟ ಕಾರಣ. ಸಾವಿರ ವರ್ಷಗಳ ಕಾವ್ಯಪರಂಪರೆಯಿದ್ದ ಕನ್ನಡದ ವಿಷಯದಲ್ಲಿಯೂ ಇದೇ ತೀರ್ಪು. ಪಂಪನ ಭಾಷೆಯನ್ನು ಮನೆಯಲ್ಲಿ ಆಡುವ ಹುಡುಗನು ಪದವೀಧರನಾಗಲು ಆ ಭಾಷೆಯ ಒಂದು ಸಾಲನ್ನೂ ಓದಬೇಕಾಗಿರಲಿಲ್ಲ.

ಇದರ ಪರಿಣಾಮವು ಹೈಸ್ಕೂಲಿಗೂ ಇಳಿಯಿತು. ಮುಂದೆ ಉಪಯೋಗಕ್ಕೆ ಬಾರದ ವಿಷಯಕ್ಕೆ ವಿದ್ಯಾರ್ಥಿಯು ಮನಸ್ಸು ಕೊಡುವುದಿಲ್ಲ. ಶಾಲೆಯು ಒಳ್ಳೆಯ ಶಿಕ್ಷಕನನ್ನೂ ಕೊಡುವುದಿಲ್ಲ. ಸಮರ್ಥರಾದ ಪದವೀಧರರು ತಮ್ಮ ಭಾಷೆಯಲ್ಲಿ ಒಂದು ಪತ್ರವನ್ನೂ ಶುದ್ಧವಾಗಿ ಬರೆಯಲಾರರೆಂಬ ದೂರು ಆ ಕಾಲದಲ್ಲಿ ಸಾಮಾನ್ಯವಾಯಿತು.

ಈ ಅನ್ಯಾಯವನ್ನು ಸರಿಪಡಿ್ಸಲು ಹೊರಟವರಲ್ಲಿ ಪ್ರಮುಖರು ರಾನಡೆಯವರು. 1859ರ ಪರೀಕ್ಷೆಯಲ್ಲಿ ಕುಳಿತವನೇ ನ್ಯಾಯಮೂರ್ತಿಯಾಗಿ ಸೆನೆಟ್ ಸಭೆಯಲ್ಲಿ ದೇಶಭಾಷೆಗಳ ವಕಾಲತ್ತು ವಹಿಸಿದನು. ಸಾಹಿತ್ಯವಿಲ್ಲವೆಂಬ ಆಕ್ಷೇಪಕ್ಕೆ ಉತ್ತರವಾಗಿ, ಮರಾಠಿಯಲ್ಲಿ ಪ್ರಕಟವಾದ ಗ್ರಂಥಗಳನ್ನು ವಿಭಾಗವಾರು ಪರಿಶೀಲಿಸಿ, 1898ರಲ್ಲಿ ಮರಾಠಿ ಸಾಹಿತ್ಯದ ಬೆಳವಣಿಗೆಯ ಮೇಲೆ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದರು. ಅದು ಭಾವಾವೇಶದ ಮಾತಲ್ಲ, ನ್ಯಾಯಾಲಯದಲ್ಲಿ ಮಂಡಿಸತಕ್ಕ ಸಾಕ್ಷ್ಯದಂತೆ ಕ್ರಮವಾದುದು. ಹೋರಾಟವು ವರ್ಷಗಟ್ಟಲೆ ನಡೆಯಿತು. ರಾನಡೆಯವರು 1901ರ ಜನವರಿ 16ರಂದು ತೀರಿಕೊಂಡರು. ಅವರ ಪ್ರಯತ್ನದ ಫಲವಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಶಭಾಷೆಗಳು ಎಂ.ಎ. ಪರೀಕ್ಷೆಯ ಮೂಲಕ ವಿಶ್ವವಿದ್ಯಾನಿಲಯವನ್ನು ಮರಳಿ ಪ್ರವೇಶಿಸಿದುವು. ಅವರು ವಾದಿಸಿದ್ದು ಮುಖ್ಯವಾಗಿ ಮರಾಠಿಯ ದಾಖಲೆಯನ್ನು ಹಿಡಿದು. ಆದರೆ ಬಾಗಿಲು ತೆರೆದ ಮೇಲೆ ಅದರಿಂದ ಪ್ರಾಂತದ ಎಲ್ಲ ಭಾಷೆಗಳಿಗೂ ದಾರಿಯಾಯಿತು. ಮುಂಬಯಿ ಪ್ರಾಂತದ ಕಾಲೇಜುಗಳಲ್ಲಿ ಕನ್ನಡದ ಪಾಠವು ಮುಂದೆ ಬೆಳೆದುದರ ಹಿಂದೆ ಈ ಋಣವಿದೆ.

ಬಾಗಿಲ ಹೊರಗೆ ನಿಂತವರು

ಈ ವರ್ಗದ ಕೀರ್ತಿಯನ್ನು ಹೇಳುವಾಗ ಅದರಲ್ಲಿ ಇಲ್ಲದವರನ್ನು ಮರೆಯುವಂತಿಲ್ಲ. ಅದರಲ್ಲಿ ಹೆಣ್ಣುಮಕ್ಕಳಿರಲಿಲ್ಲ, ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿಯ ಮಾರ್ಗವನ್ನು ತೆರೆದದ್ದು 1883ರಲ್ಲಿ. ಅಸ್ಪೃಶ್ಯರೆನಿಸಿಕೊಂಡವರ ಸ್ಥಿತಿಯು ಇನ್ನೂ ಕಠಿನವಾಗಿತ್ತು. ಈ ವಿಷಯದ ಮೊದಲ ದೊಡ್ಡ ಮೊಕದ್ದಮೆ ಎನ್ನಬಹುದಾದುದು ನಡೆದದ್ದು ಕನ್ನಡ ನಾಡಿನಲ್ಲಿಯೇ. 1856ರ ಜೂನ್ ತಿಂಗಳಲ್ಲಿ, ರಾನಡೆಯವರು ಮುಂಬಯಿಗೆ ಬಂದ ವರ್ಷವೇ, ಧಾರವಾಡದ ಒಬ್ಬ ಮಹಾರ ಬಾಲಕನು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಸಿಗಲಿಲ್ಲವೆಂದು ಸರ್ಕಾರಕ್ಕೆ ಅರ್ಜಿಯನ್ನು ಬರೆದನು. ನ್ಯಾಯವು ತತ್ತ್ವತಃ ಅವನ ಪಕ್ಷದಲ್ಲಿದೆಯೆಂದು ಮುಂಬಯಿ ಸರ್ಕಾರವು ಒಪ್ಪಿತು. ಆದರೆ ಒಬ್ಬನಿಗಾಗಿ ಉಳಿದ ಮಕ್ಕಳು ಶಾಲೆಯನ್ನು ಬಿಟ್ಟರೆ ಶಾಲೆಯೇ ಮುಚ್ಚಬೇಕಾದೀತೆಂಬ ಭಯದಿಂದ ಅವನನ್ನು ಸೇರಿಸಲಿಲ್ಲ. ಭಾರತ ಸರ್ಕಾರವು ಈ ನಿರ್ಣಯವನ್ನು ಮೆಚ್ಚಲಿಲ್ಲ. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು 1858ರಲ್ಲಿ ಕಂಪನಿಯ ನಿರ್ದೇಶಕಮಂಡಲಿಯೂ ಎತ್ತಿಹಿಡಿಯಿತು. ತತ್ತ್ವವು ಕಾಗದದಲ್ಲಿ ಉಳಿಯಿತು. 1882ರಲ್ಲಿ ಹಂಟರ್ ಆಯೋಗವು ಅದನ್ನು ಮತ್ತೊಮ್ಮೆ ಹೇಳಬೇಕಾಯಿತು. ಧಾರವಾಡದ ಆ ಬಾಲಕನಿಗೆ ಪ್ರವೇಶ ದೊರೆತಿದ್ದರೆ, ಮುಂದಿನ ಯಾವುದೋ ಒಂದು ಮೆಟ್ರಿಕ್ಯುಲೇಶನ್ ವರ್ಗದಲ್ಲಿ ಅವನೂ ಇರುತ್ತಿದ್ದನೋ ಏನೋ.

ಅರ್ಧ ಶತಮಾನದ ನಂತರ, 1907ರಲ್ಲಿ, ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದಲೇ ಭೀಮರಾವ್ ಅಂಬೇಡಕರರು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಸಂಸ್ಕೃತವನ್ನು ಕಲಿಯಬೇಕೆಂಬ ಆಸೆ ಅವರಿಗಿತ್ತು. ಶಾಲೆಯಲ್ಲಿ ಅವರಿಗೆ ಅದನ್ನು ಕಲಿಸಲು ಒಪ್ಪದ ಕಾರಣ ಪಾರಸಿಯನ್ನು ತೆಗೆದುಕೊಳ್ಳಬೇಕಾಯಿತು. ಭಾಂಡಾರಕರರ ಪಾಠಪುಸ್ತಕಗಳು ಸಂಸ್ಕೃತವನ್ನು ಸರ್ವಸುಲಭವಾಗಿ ಮಾಡಿದ ಕಾಲದಲ್ಲಿಯೂ ಅದರ ಬಾಗಿಲು ಒಬ್ಬ ವಿದ್ಯಾರ್ಥಿಗೆ ಮುಚ್ಚಿತ್ತು. ಅಂಬೇಡಕರರ ತೇರ್ಗಡೆಯನ್ನು ಅವರ ಜನರು ಸಭೆ ಕೂಡಿ ಕೊಂಡಾಡಿದರು. ಉಳಿದವರಿಗೆ ವರ್ಷಂಪ್ರತಿ ಬರುವ ಫಲಿತಾಂಶವು ಅವರಿಗೆ ಒಂದು ಯುಗದ ಉತ್ಸವವಾಗಿತ್ತು.

ಈ ವೃತ್ತಾಂತಕ್ಕೆ ಇನ್ನೊಂದು ಕೊಂಡಿಯಿದೆ. ರಾನಡೆಯವರ ನೂರೊಂದನೆಯ ಜನ್ಮದಿನವಾದ 1943ರ ಜನವರಿ 18ರಂದು, ರಾನಡೆಯವರೇ ಸ್ಥಾಪಿಸಿದ್ದ ಪುಣೆಯ ಡೆಕ್ಕನ್ ಸಭೆಯು ಸ್ಮಾರಕ ಭಾಷಣಕ್ಕಾಗಿ ಅಂಬೇಡಕರರನ್ನು ಆಹ್ವಾನಿಸಿತು. ಹಿಂದೂ ಸಮಾಜದ ರೋಗವನ್ನು ಮರೆಮಾಚದೆ, ರಾಜಕೀಯ ಹಕ್ಕಿನಷ್ಟೇ ಸಾಮಾಜಿಕ ಸುಧಾರಣೆಯೂ ಅಗತ್ಯವೆಂದು ಹೇಳಿದ ಧೀರನೆಂದು ಅವರು ರಾನಡೆಯವರನ್ನು ಗೌರವಿಸಿದರು. ಎಲ್ಫಿನ್‌ಸ್ಟನ್ನಿನ ಮೊದಲ ವರ್ಗದ ವಿದ್ಯಾರ್ಥಿಯನ್ನು ಅದೇ ಎಲ್ಫಿನ್‌ಸ್ಟನ್ನಿನ ಇನ್ನೊಂದು ವರ್ಗದ ವಿದ್ಯಾರ್ಥಿಯು, ಅವರ ಮಿತಿಗಳನ್ನು ಬಲ್ಲವನಾಗಿಯೇ, ಹೀಗೆ ತೂಗಿ ನೋಡಿದನು.

1859ರ ವರ್ಗದವರು ಇಪ್ಪತ್ತರಷ್ಟು ಮಂದಿ. ಅವರಲ್ಲಿ ಕೆಲವರು ನ್ಯಾಯಾಲಯವನ್ನೂ ವಿದ್ಯಾಪೀಠವನ್ನೂ ಪತ್ರಿಕೆಯನ್ನೂ ಸುಧಾರಣಾ ಸಭೆಯನ್ನೂ ಬೆಳಗಿದರು. ಅವರಿಂದ ಕನ್ನಡ ನಾಡಿಗೆ ಇತಿಹಾಸದ ಶಿಸ್ತು ಬಂದಿತು, ಕನ್ನಡ ನುಡಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮತ್ತೆ ತೆರೆಯಿತು. ಮುಂಬಯಿಯ ಕನ್ನಡಿಗರು ತಮ್ಮ ಮಕ್ಕಳ ಶಾಲೆಯ ಕೊನೆಯ ವರ್ಗದ ಫಲಿತಾಂಶವನ್ನು ಎದುರುನೋಡುವಾಗ ಈ ಮೊದಲ ವರ್ಗವನ್ನು ನೆನೆಯುವುದು ಉಚಿತ. ಧಾರವಾಡದ ಶಾಲೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ, ಯಾವ ವರ್ಗದ ಪಟ್ಟಿಯಲ್ಲಿಯೂ ಹೆಸರಿಲ್ಲದ ಆ ಬಾಲಕನನ್ನು ನೆನೆಯುವುದು ಅಷ್ಟೇ ಉಚಿತ.